ಚಿಕ್ಕನಾಯಕನಹಳ್ಳಿ ಹಿಡಿಸುವ ಫಾರಂ: ವರ್ಡ್‌ನಲ್ಲಿ ಅಲುಗದ ಅರ್ಜಿ ನಮೂನೆ ಮಾಡುವ ಕ್ರಮ

ತುಮಕೂರು ಜಿಲ್ಲೆಯ ಹತ್ತು ತಾಲ್ಲೂಕುಗಳಲ್ಲಿ ಶಿರಾ, ಗುಬ್ಬಿ ಎರಡೆರಡೇ ಅಕ್ಷರದ ಹೆಸರುಗಳು. ಚಿಕ್ಕನಾಯಕನಹಳ್ಳಿಗೆ ಎಂಟು ಅಕ್ಷರ. ಅರ್ಜಿ ನಮೂನೆ ತಯಾರಿಸುವವರು ಬಹುಪಾಲು ಶಿರಾವನ್ನು ಮನಸ್ಸಿನಲ್ಲಿಟ್ಟುಕೊಂಡು ಜಾಗ ಬಿಡುತ್ತಾರೆ. ತುಂಬುವವರು ಚಿಕ್ಕನಾಯಕನಹಳ್ಳಿಯಿಂದ ಬರುತ್ತಾರೆ.

ನಾನು ತುಮಕೂರಿನಲ್ಲಿ ಡಿಟಿಪಿ ಕೆಲಸ ಮಾಡುತ್ತೇನೆ. ಒಂದು ಜೂನ್ ತಿಂಗಳಲ್ಲಿ ತಂದೆ, ಮಗಳು ವಿದ್ಯಾರ್ಥಿನಿಲಯದ ಅರ್ಜಿಯನ್ನು ಪೆನ್ ಡ್ರೈವ್‌ನಲ್ಲಿ ತಂದಿದ್ದರು. ಸಂಸ್ಥೆಯವರು ಕೊಟ್ಟ ವರ್ಡ್ ಕಡತ ಅದು. ಮಗಳು ಊರಿನಲ್ಲೇ ಟೈಪ್ ಮಾಡಿ ತುಂಬಿದ್ದಳು. ವಿಳಾಸದ ಚುಕ್ಕಿಗಳ ಮೇಲೆ ಅಕ್ಷರಗಳು ಕೂತಂತೆ ಚುಕ್ಕಿಗಳು ಮುಂದಕ್ಕೆ ಸರಿದು, ಒಂದು ಸಾಲು ಎರಡಾಗಿ, ಪೋಷಕರ ಸಹಿಯ ಗೆರೆ ಎರಡನೆಯ ಪುಟಕ್ಕೆ ಬಿದ್ದಿತ್ತು. ಅರ್ಜಿ ಒಂದೇ ಪುಟದ್ದೆಂದು ತಿಳಿದು ಅವರು ಮೊದಲ ಪುಟವನ್ನಷ್ಟೇ ಮುದ್ರಿಸಿಕೊಂಡು ಹೋದರು, ನಾನೂ ಗಮನಿಸಲಿಲ್ಲ. ಸಹಿ ಇಲ್ಲವೆಂದು ಅರ್ಜಿ ವಾಪಸ್ಸಾಯಿತು. ಮೂರು ದಿನಗಳ ನಂತರ ಮತ್ತೆ ಬಸ್ಸು ಹತ್ತಿ ಬಂದ ತಂದೆ ಕೇಳಿದ್ದು ಒಂದೇ ಮಾತು: “ಸಹಿ ಹಾಕುವ ಜಾಗವೇ ಇರಲಿಲ್ಲವಲ್ಲ ಸ್ವಾಮಿ, ನಾನು ಎಲ್ಲಿ ಹಾಕಲಿ?”

ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಫಾರಂ ಮಾಡಿದವರು. ಅಂದಿನಿಂದ ನಾನು ಮಾಡಿಕೊಡುವ ಪ್ರತಿಯೊಂದು ನಮೂನೆಯನ್ನೂ ಯಾರು ಏನನ್ನು ತುಂಬಿದರೂ ಒಂದು ಗೆರೆಯೂ ಕದಲದಂತೆ ಕಟ್ಟಲು ಕಲಿತೆ. ಸಂಘ, ಶಾಲೆ, ಹಾಲಿನ ಸೊಸೈಟಿ, ಗ್ರಂಥಾಲಯ ಯಾವುದಕ್ಕೇ ಆಗಲಿ, ನೀವು ನಮೂನೆ ಮಾಡುವವರಾದರೆ ಈ ಕ್ರಮ ನಿಮಗೆ ಒದಗುತ್ತದೆ. ಇಲ್ಲಿ ಹೇಳುವ ಹಂತಗಳು ಮೈಕ್ರೋಸಾಫ್ಟ್ ವರ್ಡ್ 2013 ಮತ್ತು ಅದರ ನಂತರದ ಆವೃತ್ತಿಗಳಿಗೆ ಸೇರಿದವು. ವರ್ಡ್ ಬದಲು ಉಚಿತವಾಗಿ ಸಿಗುವ ಲಿಬ್ರೆ ಆಫೀಸ್ ಬಳಸುವವರಿಗೆ ‘ಬೀಗ ಹಾಕುವುದು’ ಭಾಗದ ಕೊನೆಯಲ್ಲಿ ಒಂದೆರಡು ಮಾತುಗಳಿವೆ.

ಚುಕ್ಕಿ, ಅಡಿಗೆರೆ, ಸ್ಪೇಸ್ ಬಾರ್ ಬಿಡಿ

ಟೈಪಿಸಿದ ಚುಕ್ಕಿಯೂ ಅಡಿಗೆರೆಯೂ ವರ್ಡ್‌ಗೆ ಬರಿಯ ಅಕ್ಷರಗಳು. ‘ಹೆಸರು’ ಎಂದು ಬರೆದು ಮುಂದೆ ನಲವತ್ತು ಚುಕ್ಕಿ ಇಟ್ಟರೆ ಅದು ಖಾಲಿ ಜಾಗವಲ್ಲ, ನಲವತ್ತು ಅಕ್ಷರಗಳಿರುವ ತುಂಬಿದ ಸಾಲು. ಅದರೊಳಗೆ ಉತ್ತರ ಟೈಪ್ ಮಾಡಿದರೆ ಸಾಲು ಬೆಳೆಯಲೇಬೇಕು. ಸ್ಪೇಸ್ ಬಾರ್ ಒತ್ತೊತ್ತಿ ‘ದಿನಾಂಕ’ವನ್ನು ಬಲಕ್ಕೆ ತಳ್ಳಿದರೂ ಇದೇ ಗತಿ. ಎಂಟರ್ ಒತ್ತೊತ್ತಿ ಸಹಿಯ ಗೆರೆಯನ್ನು ಪುಟದ ಕೆಳಕ್ಕೆ ಇಳಿಸಿದ್ದರೆ, ಮೇಲೆ ಒಂದು ಸಾಲು ಹೆಚ್ಚಾದ ಕೂಡಲೇ ಅದು ಮುಂದಿನ ಪುಟಕ್ಕೆ ಹೋಗುತ್ತದೆ.

ಇದಕ್ಕೆ ಗಟ್ಟಿಯಾದ ಪರಿಹಾರ ಟೇಬಲ್. ಪ್ರಶ್ನೆಗೆ ಒಂದು ಸೆಲ್, ಉತ್ತರಕ್ಕೆ ಅದರ ಪಕ್ಕದಲ್ಲಿ ಇನ್ನೊಂದು. ಉತ್ತರದ ಸೆಲ್‌ನ ಕೆಳಗಿನ ಬಾರ್ಡರ್ ಒಂದನ್ನೇ ಉಳಿಸಿ ಮಿಕ್ಕ ಬಾರ್ಡರ್‌ಗಳನ್ನು ತೆಗೆದರೆ ಹಳೆಯ ಫಾರಂನಂತೆಯೇ ಗೆರೆ ಕಾಣುತ್ತದೆ. ಆದರೆ ಈ ಗೆರೆ ಅಕ್ಷರವಲ್ಲ, ಸೆಲ್‌ನ ಅಂಚು. ಅದರ ಮೇಲೆ ಏನು ಬರೆದರೂ ಸರಿಯುವುದಿಲ್ಲ. ಬಾರ್ಡರ್ ಇಲ್ಲದ ಸೆಲ್‌ಗಳು ಕೆಲಸದ ವೇಳೆ ಕಾಣಬೇಕೆಂದರೆ ಟೇಬಲ್‌ನ ‘ಲೇಔಟ್’ ಟ್ಯಾಬ್‌ನಲ್ಲಿ ‘ವ್ಯೂ ಗ್ರಿಡ್‌ಲೈನ್ಸ್’ ಒತ್ತಿಕೊಳ್ಳಿ. ಟೆಕ್ಸ್ಟ್ ಬಾಕ್ಸ್‌ಗಳನ್ನು ತೇಲಿಬಿಟ್ಟು ನಮೂನೆ ಕಟ್ಟುವವರೂ ಇದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಟೆಕ್ಸ್ಟ್ ಬಾಕ್ಸ್ ಯಾವುದೋ ಒಂದು ಪ್ಯಾರಾಕ್ಕೆ ಕಟ್ಟಿಕೊಂಡಿರುತ್ತದೆ, ಆ ಪ್ಯಾರಾ ಹೋದಲ್ಲಿಗೆ ತಾನೂ ಹೋಗುತ್ತದೆ.

ಮೊದಲು ಕಾಗದ, ಆಮೇಲೆ ಟೇಬಲ್

ಟೇಬಲ್ ಎಳೆಯುವ ಮೊದಲು ‘ಪೇಜ್ ಸೈಜ್’ ನೋಡಿ. ಎ4 ಕಾಗದ 21 ಸೆಂ.ಮೀ. ಅಗಲ, 29.7 ಸೆಂ.ಮೀ. ಉದ್ದ. ಕೆಲವು ಕಂಪ್ಯೂಟರ್‌ಗಳಲ್ಲಿ ವರ್ಡ್ ಅಮೆರಿಕದ ಲೆಟರ್ ಅಳತೆಯಲ್ಲಿ ತೆರೆದುಕೊಳ್ಳುತ್ತದೆ. ಅದು ಎ4ಗಿಂತ ತುಸು ಅಗಲ, ಉದ್ದದಲ್ಲಿ ಸುಮಾರು ಪೌನೆ ಎರಡು ಸೆಂ.ಮೀ. ಗಿಡ್ಡ. ಒಂದರಲ್ಲಿ ಕಟ್ಟಿ ಇನ್ನೊಂದರಲ್ಲಿ ಮುದ್ರಿಸಿದರೆ ಗೆರೆಗಳು ಅಂಚಿಗೆ ಸಿಕ್ಕಿಕೊಳ್ಳುತ್ತವೆ. ನಮ್ಮ ಕಚೇರಿಗಳಲ್ಲಿ ಇನ್ನೂ ಓಡುವ ಲೀಗಲ್ ಕಾಗದ 14 ಇಂಚು ಉದ್ದದ್ದು. ಅದು ಬೇಕೇ ಎಂಬುದನ್ನು ಫಾರಂ ಕೇಳಿದವರಿಂದ ಮೊದಲೇ ತಿಳಿದುಕೊಳ್ಳಿ.

ಎ4ನಲ್ಲಿ ಮೇಲೆ ಕೆಳಗೆ ಎರಡೆರಡು ಸೆಂ.ಮೀ. ಅಂಚು ಬಿಟ್ಟರೆ 25.7 ಸೆಂ.ಮೀ. ಉಳಿಯುತ್ತದೆ. ಒಂದೊಂದು ಅಡ್ಡಸಾಲಿಗೆ 0.9 ಸೆಂ.ಮೀ. ಎತ್ತರ ಇಟ್ಟರೆ 28 ಅಡ್ಡಸಾಲು, ಅಂದರೆ 25.2 ಸೆಂ.ಮೀ. ಉಳಿದ ಅರ್ಧ ಸೆಂ.ಮೀ. ಯಾಕೆ ಬೇಕೆಂಬುದು ಮುಂದೆ ಬರುತ್ತದೆ. ಈ 28ನ್ನು ಕಾಗದದ ಮೇಲೆ ಬರೆದುಕೊಂಡು, ಶೀರ್ಷಿಕೆಗೆ ಎಷ್ಟು, ವಿಳಾಸಕ್ಕೆ ಎಷ್ಟು, ಸಹಿಗೆ ಎಷ್ಟು ಎಂದು ಪೆನ್ಸಿಲ್‌ನಲ್ಲಿ ಹಂಚಿಕೊಳ್ಳಿ. ಈ ಲೆಕ್ಕಕ್ಕೆ ಹತ್ತು ನಿಮಿಷ ಸಾಕು.

ಈಗ ಟೇಬಲ್ ಹಾಕಿ, ಅದರೊಳಗೆ ಬಲಗುಂಡಿ ಒತ್ತಿ ‘ಟೇಬಲ್ ಪ್ರಾಪರ್ಟೀಸ್’ ತೆರೆಯಿರಿ. ಅಲ್ಲಿ ಮೂರು ಕೆಲಸಗಳಿವೆ. ‘ಟೇಬಲ್’ ವಿಭಾಗದ ‘ಆಪ್ಷನ್ಸ್’ ಒಳಗೆ ‘ಆಟೊಮ್ಯಾಟಿಕಲಿ ರೀಸೈಜ್ ಟು ಫಿಟ್ ಕಂಟೆಂಟ್ಸ್’ ಎಂಬುದರ ಗುರುತು ತೆಗೆಯಿರಿ. ಈ ಗುರುತು ಇದ್ದರೆ ಉದ್ದ ಉತ್ತರ ಬಂದಾಗ ಸೆಲ್ ಅಗಲವಾಗಿ ಪಕ್ಕದ ಸೆಲ್ಲನ್ನು ಒತ್ತುತ್ತದೆ. ಎರಡನೆಯದು, ‘ರೋ’ ವಿಭಾಗದಲ್ಲಿ ‘ಸ್ಪೆಸಿಫೈ ಹೈಟ್’ ಗುರುತು ಹಾಕಿ 0.9 ಸೆಂ.ಮೀ. ಬರೆದು, ಪಕ್ಕದ ಪಟ್ಟಿಯಲ್ಲಿ ‘ಅಟ್ ಲೀಸ್ಟ್’ ಬದಲು ‘ಎಕ್ಸಾಕ್ಟ್ಲಿ’ ಆರಿಸಿ. ‘ಅಟ್ ಲೀಸ್ಟ್’ ಎಂದರೆ ಕನಿಷ್ಠ ಇಷ್ಟು, ಬೇಕಾದರೆ ಬೆಳೆಯಬಹುದು ಎಂದು ಅರ್ಥ. ಆ ತಂದೆ ಮಗಳ ಅರ್ಜಿ ಟೇಬಲ್‌ನಲ್ಲಿದ್ದರೂ ‘ಅಟ್ ಲೀಸ್ಟ್’ ಇದ್ದಿದ್ದರೆ ಸಹಿಯ ಗೆರೆ ಹಾಗೆಯೇ ಜಾರುತ್ತಿತ್ತು. ಮೂರನೆಯದು, ಅಲ್ಲೇ ಕೆಳಗಿರುವ ‘ಅಲೌ ರೋ ಟು ಬ್ರೇಕ್ ಅಕ್ರಾಸ್ ಪೇಜಸ್’ ಗುರುತು ತೆಗೆಯಿರಿ.

‘ಎಕ್ಸಾಕ್ಟ್ಲಿ’ಗೆ ಒಂದು ಬೆಲೆಯಿದೆ, ಅದನ್ನು ಮುಚ್ಚಿಡುವಂತಿಲ್ಲ. ಉತ್ತರ ಸೆಲ್‌ಗಿಂತ ಉದ್ದವಾದರೆ ಸೆಲ್ ಬೆಳೆಯುವುದಿಲ್ಲ, ಉತ್ತರದ ಬಾಲ ಮರೆಯಾಗುತ್ತದೆ. ಮುದ್ರಣದಲ್ಲೂ ಬರುವುದಿಲ್ಲ. ಆದ್ದರಿಂದ ಎತ್ತರವನ್ನು ಬಿಗಿ ಮಾಡುವವರು ಜಾಗವನ್ನು ಧಾರಾಳವಾಗಿ ಬಿಡಬೇಕು. ವಿಳಾಸಕ್ಕೆ ಎರಡು ಅಡ್ಡಸಾಲು ಸೇರಿಸಿದಷ್ಟು, 1.8 ಸೆಂ.ಮೀ. ಕೊಡಿ. ಸೆಲ್ ಆಪ್ಷನ್ಸ್‌ನಲ್ಲಿ ‘ಫಿಟ್ ಟೆಕ್ಸ್ಟ್’ ಎಂಬ ಸೌಲಭ್ಯವಿದೆ. ಸೆಲ್‌ನ ಅಗಲಕ್ಕೆ ಹೊಂದುವಂತೆ ಅದು ಅಕ್ಷರಗಳ ನಡುವಿನ ಅಂತರವನ್ನು ಹಿಗ್ಗಿಸುತ್ತದೆ, ಕುಗ್ಗಿಸುತ್ತದೆ. ಕನ್ನಡ ಹಾಗೆ ಎಳೆದಾಟಕ್ಕೆ ಸಿಕ್ಕರೆ ಓದಲು ಕಷ್ಟ. ನಾನು ಅದನ್ನು ಬಳಸುವುದಿಲ್ಲ.

ಟೇಬಲ್ ಮುಗಿದ ನಂತರ ವರ್ಡ್ ಒಂದು ಖಾಲಿ ಪ್ಯಾರಾವನ್ನು ಕಡ್ಡಾಯವಾಗಿ ಇಟ್ಟುಕೊಳ್ಳುತ್ತದೆ. ಅದನ್ನು ಅಳಿಸಲಾಗದು. ಟೇಬಲ್ ಪುಟದ ತುದಿಯವರೆಗೆ ಬಂದಿದ್ದರೆ ಆ ಖಾಲಿ ಪ್ಯಾರಾ ಎರಡನೆಯ ಪುಟಕ್ಕೆ ಹೋಗಿ, ಮುದ್ರಿಸುವಾಗ ಒಂದು ಬಿಳಿ ಹಾಳೆ ಹೊರಬರುತ್ತದೆ. ಉಳಿಸಿದ ಅರ್ಧ ಸೆಂ.ಮೀ. ಇದಕ್ಕಾಗಿಯೇ. ಜೊತೆಗೆ ಆ ಪ್ಯಾರಾದ ಫಾಂಟ್ ಅಳತೆಯನ್ನು 1 ಮಾಡಿ, ಹಿಂದೆ ಮುಂದೆ ಅಂತರವನ್ನು ಸೊನ್ನೆ ಮಾಡಿ.

ಒತ್ತಕ್ಷರ ಕತ್ತರಿಸಿಹೋಗಬಾರದು

ಇಂಗ್ಲಿಷ್ ನಮೂನೆಗಳಿಗೆ ಇಲ್ಲದ ಒಂದು ತೊಡಕು ಕನ್ನಡಕ್ಕಿದೆ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಸಾಲಿನ ಅಂತರವನ್ನು ‘ಎಕ್ಸಾಕ್ಟ್ಲಿ’ ಎಂದಿಟ್ಟು 12 ಪಾಯಿಂಟ್ ಅಕ್ಷರಕ್ಕೆ 14 ಪಾಯಿಂಟ್ ಅಂತರ ಕೊಟ್ಟರೆ ಇಂಗ್ಲಿಷ್ ಚೆನ್ನಾಗಿ ಕಾಣುತ್ತದೆ, ಕನ್ನಡದ ಒತ್ತುಗಳ ಕಾಲು ತುಂಡಾಗಬಹುದು. ನಾನು 12 ಪಾಯಿಂಟ್‌ಗೆ 18 ಪಾಯಿಂಟ್ ಅಂತರದಿಂದ ಆರಂಭಿಸುತ್ತೇನೆ. ‘ರಾಷ್ಟ್ರ’, ‘ಸ್ತ್ರೀ’, ‘ಲಕ್ಷ್ಮೀನರಸಿಂಹಮೂರ್ತಿ’ ಎಂದು ಟೈಪ್ ಮಾಡಿ, ಮುದ್ರಿಸಿ, ಕಣ್ಣ ಹತ್ತಿರ ಹಿಡಿದು ನೋಡುತ್ತೇನೆ. ಒಬ್ಬರ ಹೆಸರಿನ ಒತ್ತು ಕತ್ತರಿಸಿಹೋದರೆ ಅದು ಬೇರೆಯೇ ಹೆಸರಾಗುತ್ತದೆ.

ಈ ಅಂತರವನ್ನು ಸೆಲ್ ಸೆಲ್‌ಗೆ ಕೊಡುತ್ತಾ ಕೂರಬೇಡಿ. ‘ಪ್ರಶ್ನೆ’, ‘ಉತ್ತರ’ ಎಂದು ಎರಡು ಸ್ಟೈಲ್ ಮಾಡಿ ಅವುಗಳಲ್ಲೇ ಫಾಂಟ್, ಅಳತೆ, ಅಂತರ ನಿಗದಿಪಡಿಸಿ. ಫಾಂಟ್ ಪೆಟ್ಟಿಗೆಯಲ್ಲಿ ಲ್ಯಾಟಿನ್ ಅಕ್ಷರಗಳಿಗೆ ಒಂದು, ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್’ ಎಂಬುದಕ್ಕೆ ಇನ್ನೊಂದು ಎಂದು ಎರಡು ಆಯ್ಕೆಗಳು ಕಂಡರೆ, ಕನ್ನಡ ಸೇರುವುದು ಎರಡನೆಯದಕ್ಕೆ. ಎರಡನ್ನೂ ತುಂಬಿ.

ಫಾಂಟ್, ಅಕ್ಷರಗಳ ಸರ್ವಸಾಮಾನ್ಯ ಸಂಕೇತ ಪದ್ಧತಿಯಾದ ಯುನಿಕೋಡ್‌ನದೇ ಆಗಿರಲಿ. ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿಕೊಂಡಿವೆ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಇಡೀ ಫಾರಂ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಪ್ರಶ್ನೆಗಳು ಹಳೆಯ ನುಡಿಯಲ್ಲಿದ್ದು ಉತ್ತರಗಳು ಯುನಿಕೋಡ್‌ನಲ್ಲಿ ಬಂದರೆ ಎರಡರ ಎತ್ತರವೂ ಬೇರೆಯಾಗುತ್ತದೆ. ವಿಂಡೋಸ್‌ನಲ್ಲಿ ಬಹಳ ಹಿಂದಿನಿಂದ ತುಂಗಾ ಫಾಂಟ್ ಇದೆ, ವಿಂಡೋಸ್ 8ರಿಂದ ನಿರ್ಮಲಾ ಯುಐ ಬಂದಿದೆ. ಉಚಿತವಾಗಿ ಸಿಗುವ ನೋಟೋ ಸಾನ್ಸ್ ಕನ್ನಡವನ್ನು ಬಳಸುವುದಾದರೆ ‘ಫೈಲ್’, ‘ಆಪ್ಷನ್ಸ್’, ‘ಸೇವ್’ ಒಳಗೆ ಹೋಗಿ ‘ಎಂಬೆಡ್ ಫಾಂಟ್ಸ್ ಇನ್ ದ ಫೈಲ್’ ಗುರುತು ಹಾಕಿ. ಅದರ ಕೆಳಗಿರುವ, ಬಳಸಿದ ಅಕ್ಷರಗಳನ್ನಷ್ಟೇ ಸೇರಿಸುವ ಆಯ್ಕೆಯನ್ನು ಖಾಲಿ ಬಿಡಿ. ತುಂಬುವವರು ಯಾವ ಅಕ್ಷರ ಬಳಸುತ್ತಾರೋ ಈಗಲೇ ಹೇಳಲಾಗದು.

ತುಂಬುವ ಜಾಗಗಳನ್ನು ಇಡುವುದು

‘ಫೈಲ್’, ‘ಆಪ್ಷನ್ಸ್’, ‘ಕಸ್ಟಮೈಜ್ ರಿಬ್ಬನ್’ ಒಳಗೆ ‘ಡೆವಲಪರ್’ ಎಂಬುದಕ್ಕೆ ಗುರುತು ಹಾಕಿದರೆ ಮೇಲೆ ಹೊಸ ಟ್ಯಾಬ್ ಕಾಣಿಸಿಕೊಳ್ಳುತ್ತದೆ. ಅದರಲ್ಲಿ ಉತ್ತರ ತುಂಬುವ ಜಾಗ ಇಡಲು ಎರಡು ಬಗೆಯ ಸಾಧನಗಳಿವೆ. 2007ರಿಂದ ಬಂದಿರುವ ಕಂಟೆಂಟ್ ಕಂಟ್ರೋಲ್‌ಗಳು ಒಂದು ಬಗೆ, ಅದಕ್ಕೂ ಹಿಂದಿನ ‘ಲೆಗಸಿ’ ಫೀಲ್ಡ್‌ಗಳು ಇನ್ನೊಂದು. ಒಂದೇ ಫಾರಂನಲ್ಲಿ ಎರಡನ್ನೂ ಬೆರೆಸದಿರುವುದು ಒಳ್ಳೆಯದು. ಎರಡರ ಗುಣಗಳನ್ನೂ ಕೆಳಗೆ ಹೇಳುತ್ತೇನೆ, ನಿಮ್ಮ ಫಾರಂಗೆ ಒಗ್ಗುವುದನ್ನು ಆರಿಸಿಕೊಳ್ಳಿ.

ಹೆಸರು, ವಿಳಾಸಗಳಿಗೆ ‘ಪ್ಲೇನ್ ಟೆಕ್ಸ್ಟ್’ ಕಂಟ್ರೋಲ್ ಇಡಿ, ‘ರಿಚ್ ಟೆಕ್ಸ್ಟ್’ ಬೇಡ. ರಿಚ್ ಟೆಕ್ಸ್ಟ್‌ನೊಳಗೆ ಬೇರೆಡೆಯಿಂದ ನಕಲು ಮಾಡಿ ಅಂಟಿಸಿದರೆ ಅಲ್ಲಿನ ದೊಡ್ಡ ಫಾಂಟ್, ಬಣ್ಣ, ಚಿತ್ರ ಎಲ್ಲವೂ ಬಂದು ಕೂರುತ್ತವೆ. ಕಂಟ್ರೋಲ್‌ನ ‘ಪ್ರಾಪರ್ಟೀಸ್’ ತೆರೆದು ‘ಉತ್ತರ’ ಸ್ಟೈಲನ್ನು ಅದಕ್ಕೆ ಕಟ್ಟಿ. ಕಂಟ್ರೋಲನ್ನು ಅಳಿಸಲಾಗದಂತೆ ಮಾಡುವ ಆಯ್ಕೆಗೆ ಗುರುತು ಹಾಕಿ. ‘ಅಲೌ ಕ್ಯಾರೇಜ್ ರಿಟರ್ನ್ಸ್’ ಖಾಲಿಯಾಗಿರಲಿ. ಆಗ ಯಾರಾದರೂ ಅಭ್ಯಾಸಬಲದಿಂದ ಎಂಟರ್ ಒತ್ತಿದರೂ ಹೊಸ ಸಾಲು ಹುಟ್ಟುವುದಿಲ್ಲ.

ಕಂಟ್ರೋಲ್ ಇಟ್ಟಾಗ ಅದರೊಳಗೆ ಇಂಗ್ಲಿಷ್‌ನಲ್ಲಿ ಒಂದು ಉದ್ದನೆಯ ಸೂಚನೆ ತಾನಾಗಿ ಬರುತ್ತದೆ. ಸಣ್ಣ ಸೆಲ್‌ನಲ್ಲಿ ಅದೇ ಎರಡು ಸಾಲಾಗುತ್ತದೆ, ತುಂಬದೆ ಮುದ್ರಿಸಿದರೆ ಕಾಗದದ ಮೇಲೂ ಬರುತ್ತದೆ. ‘ಡಿಸೈನ್ ಮೋಡ್’ ಒತ್ತಿ ಅದನ್ನು ಅಳಿಸಿ ‘ಇಲ್ಲಿ ಬರೆಯಿರಿ’ ಎಂದು ಚಿಕ್ಕದಾಗಿ ಹಾಕಿ. ಖಾಲಿ ಫಾರಂ ಮುದ್ರಿಸಿ ಕೈಯಲ್ಲಿ ತುಂಬುವವರೂ ಇದ್ದರೆ ನಾಲ್ಕೈದು ಖಾಲಿ ಸ್ಪೇಸ್‌ಗಳನ್ನಷ್ಟೇ ಇಡಿ.

ತಾಲ್ಲೂಕು, ಜಿಲ್ಲೆಗಳಿಗೆ ‘ಡ್ರಾಪ್ ಡೌನ್ ಲಿಸ್ಟ್’ ಕೊಡಿ. ಬರೆಯುವ ಶ್ರಮ ತಪ್ಪುತ್ತದೆ, ಕಾಗುಣಿತವೂ ಒಂದೇ ತೆರನಾಗಿರುತ್ತದೆ. ಲೆಗಸಿ ಬಗೆಯ ಪಟ್ಟಿಯಲ್ಲಿ 25ಕ್ಕಿಂತ ಹೆಚ್ಚು ಹೆಸರು ಹಿಡಿಯುವುದಿಲ್ಲ. ನಮ್ಮ ಹತ್ತು ತಾಲ್ಲೂಕುಗಳಿಗೆ ಅದು ಸಾಕು, ಆದರೆ ಕರ್ನಾಟಕದ 31 ಜಿಲ್ಲೆಗಳಿಗೆ ಸಾಲದು. ಜಿಲ್ಲೆಯ ಪಟ್ಟಿ ಬೇಕಾದರೆ ಕಂಟೆಂಟ್ ಕಂಟ್ರೋಲನ್ನೇ ಬಳಸಬೇಕು. ಸೆಲ್‌ನ ಅಗಲವನ್ನು ಪಟ್ಟಿಯಲ್ಲಿನ ಅತಿ ಉದ್ದದ ಹೆಸರಿಗೆ ಸರಿಯಾಗಿ ಇಡಿ.

ಲೆಗಸಿ ಟೆಕ್ಸ್ಟ್ ಫೀಲ್ಡ್‌ಗೆ ಕಂಟೆಂಟ್ ಕಂಟ್ರೋಲ್‌ನಲ್ಲಿಲ್ಲದ ಒಂದು ಗುಣವಿದೆ: ‘ಮ್ಯಾಕ್ಸಿಮಮ್ ಲೆಂಗ್ತ್’, ಅಂದರೆ ಉತ್ತರದ ಉದ್ದಕ್ಕೆ ಮಿತಿ. ಆಧಾರ್‌ಗೆ 12, ಐಎಫ್‌ಎಸ್‌ಸಿಗೆ 11, ಮೊಬೈಲ್‌ಗೆ 10, ಪಿನ್ ಕೋಡ್‌ಗೆ 6 ಎಂದು ನಿಗದಿಪಡಿಸಬಹುದು. ಅಂಕಿಗಳಿಗೆ ಇದು ಬಹಳ ಚೆನ್ನು. ಕನ್ನಡದ ಉತ್ತರಕ್ಕೆ ಮಿತಿ ಹಾಕುವಾಗ ಎಚ್ಚರ ಬೇಕು. ನಾವು ಅಕ್ಷರ ಎಣಿಸುತ್ತೇವೆ, ಕಂಪ್ಯೂಟರ್ ಯುನಿಕೋಡ್ ಸಂಕೇತಗಳನ್ನು ಎಣಿಸುತ್ತದೆ. ವ್ಯಂಜನಕ್ಕೆ ಒಂದು, ಅದರ ಮೇಲಿನ ಸ್ವರಚಿಹ್ನೆಗೆ ಒಂದು, ಒತ್ತಕ್ಷರ ಮೂಡಿಸುವ ಹಲಂತಕ್ಕೆ ಇನ್ನೊಂದು. ‘ಶಿರಾ’ ನಮಗೆ ಎರಡು, ಅದಕ್ಕೆ ನಾಲ್ಕು. ‘ತುರುವೇಕೆರೆ’ ನಮಗೆ ಐದು, ಅದಕ್ಕೆ ಹತ್ತು. ‘ಚಿಕ್ಕನಾಯಕನಹಳ್ಳಿ’ ನಮಗೆ ಎಂಟು, ಅದಕ್ಕೆ ಹದಿನೈದು. ಎಂಟು ಅಕ್ಷರಕ್ಕೆ ಹತ್ತು ಸಾಕೆಂದು ಮಿತಿ ಹಾಕಿದರೆ ಊರು ‘ಚಿಕ್ಕನಾಯಕನ’ ಎಂಬಲ್ಲಿಗೆ ನಿಂತುಬಿಡುತ್ತದೆ. ಆ ಊರಿನವರಿಗೆ ತಮ್ಮ ಊರಿನ ಹೆಸರನ್ನೇ ಬರೆಯಲಾಗುವುದಿಲ್ಲ. ನೀವು ಎಣಿಸಿದ ಅಕ್ಷರಗಳನ್ನು ಎರಡರಿಂದ ಗುಣಿಸಿ, ಮೇಲೆ ಐದಾರು ಸೇರಿಸಿ.

ಆಧಾರ್ ಸಂಖ್ಯೆಗೆ ಅಂಕಿಗೊಂದು ಚೌಕ ಬೇಕೆಂದು ಕೆಲವರು ಕೇಳುತ್ತಾರೆ. ಕೈಬರಹಕ್ಕೆ ಅದು ಸರಿ. ಪರದೆಯ ಮೇಲೆ ತುಂಬುವವರಿಗೆ ಒಂದು ಅಂಕಿ ಹೊಡೆದು ಟ್ಯಾಬ್ ಒತ್ತುವ ಕೆಲಸವನ್ನು ಹನ್ನೆರಡು ಬಾರಿ ಮಾಡಬೇಕಾಗುತ್ತದೆ, ಏಕೆಂದರೆ ಮಿತಿ ಮುಗಿದರೂ ವರ್ಡ್ ತಾನಾಗಿ ಮುಂದಿನ ಚೌಕಕ್ಕೆ ಹೋಗುವುದಿಲ್ಲ. ಅಂಥಲ್ಲಿ ಒಂದೇ ಅಗಲವಾದ ಸೆಲ್ ಕೊಡುವುದು ತುಂಬುವವರ ಮೇಲಿನ ಕಾಳಜಿ.

ಫೋಟೊ ಜಾಗ

ಪಾಸ್‌ಪೋರ್ಟ್ ಅಳತೆಯ ಫೋಟೊ 3.5 ಸೆಂ.ಮೀ. ಅಗಲ, 4.5 ಸೆಂ.ಮೀ. ಎತ್ತರ. ನಮ್ಮ 0.9 ಸೆಂ.ಮೀ. ಅಡ್ಡಸಾಲುಗಳು ಐದು ಸೇರಿದರೆ ಸರಿಯಾಗಿ 4.5 ಆಗುತ್ತದೆ. ಬಲತುದಿಯ ಐದು ಸೆಲ್‌ಗಳನ್ನು ‘ಮರ್ಜ್ ಸೆಲ್ಸ್’ ಒತ್ತಿ ಒಂದಾಗಿಸಿ, ಅಗಲ 3.5 ಇಡಿ. ಆ ಸೆಲ್‌ನ ಒಳ ಅಂಚು ಎಡಬಲಕ್ಕೆ 0.19 ಸೆಂ.ಮೀ. ಇರುತ್ತದೆ, ಅದನ್ನು ಸೊನ್ನೆ ಮಾಡಿ. ಅದರೊಳಗೆ ‘ಪಿಕ್ಚರ್’ ಕಂಟ್ರೋಲ್ ಇಡಿ. ಇಲ್ಲಿ ಮಾತ್ರ ಸಾಲಿನ ಅಂತರ ‘ಸಿಂಗಲ್’ ಇರಬೇಕು. ‘ಎಕ್ಸಾಕ್ಟ್ಲಿ’ ಇದ್ದರೆ ಫೋಟೊ ಪೂರ್ತಿ ಕಾಣದೆ ಒಂದು ತೆಳು ಪಟ್ಟಿಯಷ್ಟೇ ಕಾಣುತ್ತದೆ. ಫೋಟೊ ಹಾಳಾಗಿದೆಯೆಂದು ಎಷ್ಟೋ ಜನ ಮತ್ತೆ ಸ್ಟುಡಿಯೋಗೆ ಹೋಗಿಬರುತ್ತಾರೆ.

ಬೀಗ ಹಾಕುವುದು

ಎಲ್ಲವೂ ಮುಗಿದ ಮೇಲೆ ‘ರಿವ್ಯೂ’ ಅಥವಾ ‘ಡೆವಲಪರ್’ ಟ್ಯಾಬ್‌ನ ‘ರಿಸ್ಟ್ರಿಕ್ಟ್ ಎಡಿಟಿಂಗ್’ ಒತ್ತಿ. ಎರಡನೆಯ ಭಾಗದಲ್ಲಿ ಗುರುತು ಹಾಕಿ ‘ಫಿಲ್ಲಿಂಗ್ ಇನ್ ಫಾರ್ಮ್ಸ್’ ಆರಿಸಿ, ‘ಯೆಸ್, ಸ್ಟಾರ್ಟ್ ಎನ್‌ಫೋರ್ಸಿಂಗ್ ಪ್ರೊಟೆಕ್ಷನ್’ ಒತ್ತಿ. ಈಗ ತುಂಬುವ ಜಾಗಗಳಲ್ಲಿ ಮಾತ್ರ ಕರ್ಸರ್ ನಿಲ್ಲುತ್ತದೆ, ಟ್ಯಾಬ್ ಒತ್ತಿದರೆ ಮುಂದಿನದಕ್ಕೆ ಹೋಗುತ್ತದೆ. ಲೆಗಸಿ ಫೀಲ್ಡ್‌ಗಳು ಈ ಬೀಗ ಹಾಕಿದ ಮೇಲೆಯೇ ಕೆಲಸ ಮಾಡುವುದು. ಮೇಲಿನ ಹೆಡರ್‌ನಲ್ಲಿರುವ ಸಂಸ್ಥೆಯ ಹೆಸರು, ಲಾಂಛನಗಳನ್ನೂ ಯಾರೂ ಮುಟ್ಟಲಾಗದು.

‘ಅರ್ಜಿ ಸಲ್ಲಿಸುವ ಕಾರಣ’ದಂತಹ ಉದ್ದನೆಯ ಬರವಣಿಗೆಗೆ ಎರಡನೆಯ ಪುಟ ಬೇಕಾದರೆ, ಅದರ ಮೊದಲು ಒಂದು ಸೆಕ್ಷನ್ ಬ್ರೇಕ್ ಹಾಕಿ, ಬೀಗದ ಪಟ್ಟಿಯಲ್ಲಿ ‘ಸೆಲೆಕ್ಟ್ ಸೆಕ್ಷನ್ಸ್’ ಒತ್ತಿ ಆ ಭಾಗವನ್ನು ಬೀಗದಿಂದ ಬಿಡಿಸಬಹುದು. ಮೊದಲ ಪುಟ ಬಿಗಿಯಾಗಿರುತ್ತದೆ, ಎರಡನೆಯದರಲ್ಲಿ ಎಷ್ಟು ಬೇಕಾದರೂ ಬರೆಯಬಹುದು. ಸಹಿ ಮೊದಲ ಪುಟದಲ್ಲೇ ಇರಲಿ. ಕುಟುಂಬ ಸದಸ್ಯರ ಪಟ್ಟಿಗೆ ‘+’ ಗುರುತು ಒತ್ತಿದಂತೆ ಸಾಲುಗಳು ಬೆಳೆಯುವ ‘ರಿಪೀಟಿಂಗ್ ಸೆಕ್ಷನ್’ ಕಂಟ್ರೋಲ್ ಇದೆ. ಬೆಳೆಯುವುದು ಯಾವುದಿದ್ದರೂ ಅದಕ್ಕೆ ಎರಡನೆಯ ಪುಟದಲ್ಲೇ ಜಾಗ.

ಪಾಸ್‌ವರ್ಡ್ ಕೊಡುವುದು ನಿಮ್ಮ ಇಷ್ಟ. ಈ ಬೀಗ ಕೈತಪ್ಪನ್ನು ತಡೆಯುವುದಕ್ಕೆ ಮಾತ್ರ. ಒಳಗಿನದನ್ನು ಹೊಸ ಕಡತಕ್ಕೆ ಸಾಗಿಸಿಕೊಂಡು ತಿದ್ದಲು ದಾರಿಗಳಿವೆ, ಆದ್ದರಿಂದ ಗುಟ್ಟಿನ ಮಾಹಿತಿಯನ್ನು ಇದನ್ನು ನಂಬಿ ಇಡಬೇಡಿ. ಪಾಸ್‌ವರ್ಡ್ ಕೊಟ್ಟರೆ ಸಂಸ್ಥೆಯಲ್ಲಿ ಕನಿಷ್ಠ ಇಬ್ಬರಿಗೆ ಅದು ಗೊತ್ತಿರಲಿ. ನಮೂನೆಯನ್ನು ‘ವರ್ಡ್ ಟೆಂಪ್ಲೇಟ್’ ಬಗೆಯಲ್ಲಿ ಉಳಿಸಿದರೆ, ತೆರೆದಾಗಲೆಲ್ಲ ಹೊಸ ಪ್ರತಿ ಬರುತ್ತದೆ, ಮೂಲ ಹಾಗೆಯೇ ಉಳಿಯುತ್ತದೆ.

ಲಿಬ್ರೆ ಆಫೀಸ್ ಬಳಸುವವರು ಟೇಬಲ್‌ನ ಅಡ್ಡಸಾಲಿನ ಎತ್ತರ ಕೊಡುವಲ್ಲಿ ‘ಫಿಟ್ ಟು ಸೈಜ್’ ಗುರುತು ತೆಗೆದರೆ ಅದೇ ಬಿಗಿ ಸಿಗುತ್ತದೆ. ಅದರಲ್ಲಿ ಇನ್ನೊಂದು ಅನುಕೂಲವಿದೆ: ಪಿಡಿಎಫ್ ಆಗಿ ಹೊರತರುವಾಗ ‘ಕ್ರಿಯೇಟ್ ಪಿಡಿಎಫ್ ಫಾರ್ಮ್’ ಆರಿಸಿದರೆ, ಫಾರ್ಮ್ ಮೆನುವಿನಿಂದ ಇಟ್ಟ ಜಾಗಗಳನ್ನು ಪಿಡಿಎಫ್‌ನಲ್ಲೇ ತುಂಬಬಹುದು. ವರ್ಡ್ ಒಂದರಿಂದಲೇ ಅಂಥ ತುಂಬುವ ಪಿಡಿಎಫ್ ಮಾಡಲಾಗುವುದಿಲ್ಲ.

ಹಂಚುವ ಮೊದಲು

ಫಾರಂ ಅನ್ನು ಮೂರು ಬಾರಿ ತುಂಬಿ ನೋಡಿ. ಒಮ್ಮೆ ಏನೂ ತುಂಬದೆ, ಒಮ್ಮೆ ‘ಶಿರಾ’ದಂತಹ ಚಿಕ್ಕ ಉತ್ತರಗಳಿಂದ, ಒಮ್ಮೆ ಪ್ರತಿ ಜಾಗದಲ್ಲೂ ನಿಮಗೆ ಗೊತ್ತಿರುವ ಅತಿ ಉದ್ದದ ಉತ್ತರದಿಂದ. ಮೂರನ್ನೂ ಮುದ್ರಿಸಿ, ಒಂದರ ಮೇಲೊಂದು ಇಟ್ಟು ಕಿಟಕಿಯ ಬೆಳಕಿಗೆ ಹಿಡಿಯಿರಿ. ಮೂರರ ಗೆರೆಗಳೂ ಒಂದೇ ಗೆರೆಯಂತೆ ಕಾಣಬೇಕು. ಎಲ್ಲಾದರೂ ಜೋಡಿಯಾಗಿ ಕಂಡರೆ ಆ ಅಡ್ಡಸಾಲಿನ ‘ಎಕ್ಸಾಕ್ಟ್ಲಿ’ ಮರೆತಿದ್ದೀರಿ. ನಂತರ ಬೇರೊಂದು ಕಂಪ್ಯೂಟರ್‌ನಲ್ಲಿ, ಸಾಧ್ಯವಾದರೆ ಸೈಬರ್ ಸೆಂಟರ್‌ನಲ್ಲಿ, ತೆರೆದು ನೋಡಿ. ಡೌನ್‌ಲೋಡ್ ಮಾಡಿದ ಕಡತದ ಮೇಲೆ ಹಳದಿ ಪಟ್ಟಿ ಬಂದರೆ ‘ಎನೇಬಲ್ ಎಡಿಟಿಂಗ್’ ಒತ್ತಬೇಕೆಂಬುದನ್ನು ಸೂಚನೆಯಲ್ಲಿ ಕನ್ನಡದಲ್ಲಿ ಬರೆಯಿರಿ. ಇದು ತಿಳಿಯದೆ ಫಾರಂ ಕೆಟ್ಟಿದೆ ಎಂದುಕೊಳ್ಳುವವರು ಹಲವರು.

ಮೊಬೈಲ್‌ನಲ್ಲಿ ತುಂಬಲು ಹೋಗುವವರಿಗಾಗಿ ಖಾಲಿ ಫಾರಂನ ಪಿಡಿಎಫ್ ಅನ್ನೂ ಜೊತೆಗೆ ಕಳುಹಿಸಿ, ಅದನ್ನು ಮುದ್ರಿಸಿ ಪೆನ್ನಿನಲ್ಲಿ ತುಂಬಲಿ. ಕಂಪ್ಯೂಟರ್‌ನಲ್ಲಿ ತುಂಬಿದವರು ಪಿಡಿಎಫ್ ಮಾಡಿಕೊಂಡು, ಮುದ್ರಿಸುವಾಗ ‘ಆಕ್ಚುಯಲ್ ಸೈಜ್’ ಆರಿಸಲಿ.

ಆ ವಿದ್ಯಾರ್ಥಿನಿಲಯದ ನಮೂನೆಯನ್ನು ಮುಂದೆ ನಾನೇ ಹೀಗೆ ಮತ್ತೆ ಕಟ್ಟಿದೆ. ವಿಳಾಸಕ್ಕೆ ಎರಡು ಸಾಲು, ತಾಲ್ಲೂಕಿಗೆ ಹತ್ತು ಹೆಸರಿನ ಪಟ್ಟಿ. ಸಹಿಯ ಸೆಲ್ 27 ಮತ್ತು 28ನೆಯ ಅಡ್ಡಸಾಲುಗಳಲ್ಲಿದೆ. ಅದರ ಎಡಕ್ಕೆ ‘ಪೋಷಕರ ಸಹಿ ಅಥವಾ ಹೆಬ್ಬೆಟ್ಟಿನ ಗುರುತು’ ಎಂದು ಬರೆದು, ಹೆಬ್ಬೆಟ್ಟು ಒತ್ತಲು ಸಾಕಾಗುವಷ್ಟು, 1.8 ಸೆಂ.ಮೀ. ಎತ್ತರದ ಜಾಗ ಬಿಟ್ಟಿದ್ದೇನೆ.